ಯಾವ ಬುಡಕಟ್ಟು, ಸರ್?

2025ರ ಅಕ್ಟೋಬರ್‌ನಲ್ಲಿ, ಮಡಗಾಸ್ಕರ್‌ನಲ್ಲಿ ಸೇನೆ ಅಧಿಕಾರ ಹಿಡಿದ ಸುದ್ದಿ ಬಂದ ದಿನ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಅದನ್ನು ಓದಿದರು. "ಆಫ್ರಿಕಾ ಅಲ್ವಾ, ಅಲ್ಲಿ ಇದೆಲ್ಲ ಮಾಮೂಲು. ಬುಡಕಟ್ಟುಗಳ ಜಗಳ" ಎಂದರು. ಪಕ್ಕದಲ್ಲಿ ಕೂತಿದ್ದ ಹುಡುಗಿ, ಕೆಲಸಕ್ಕೆ ಹೊಸದಾಗಿ ಸೇರಿದವಳು, ತಲೆ ಎತ್ತಿ ಕೇಳಿದಳು: "ಯಾವ ಬುಡಕಟ್ಟು, ಸರ್?"

ಅವರು ಒಂದು ಗಳಿಗೆ ಸುಮ್ಮನಾದರು. "ಅಲ್ಲಿ ಎಷ್ಟೊಂದು ಇರ್ತವೆ ಬಿಡಮ್ಮ" ಎಂದು ಕೈ ಬೀಸಿ ಕೆಲಸಕ್ಕೆ ತಿರುಗಿದರು.

ಅವರು ಒಳ್ಳೆಯ ಮನುಷ್ಯ. ಯಾರಿಗೆ ಕಷ್ಟ ಬಂದರೂ ಮೊದಲು ಎದ್ದು ನಿಲ್ಲುವವರು. ದಿನಪತ್ರಿಕೆಯನ್ನು ಕೊನೆಯ ಪುಟದವರೆಗೂ ಓದುತ್ತಾರೆ. ಅಂಥವರ ಬಾಯಲ್ಲೂ ದೂರದ ದೇಶದ ಬಗ್ಗೆ ತೀರ್ಪು ಎಷ್ಟು ಸಲೀಸಾಗಿ ಬಂತು ಅನ್ನುವುದೇ ನನ್ನನ್ನು ಕಾಡಿದ್ದು. ಹುಡುಗಿ ವಾದಕ್ಕೆ ಕೇಳಿದ್ದಲ್ಲ. ಅವಳಿಗೆ ನಿಜವಾಗಿ ತಿಳಿದುಕೊಳ್ಳಬೇಕಿತ್ತು. ಅದಕ್ಕೇ ಆ ಪ್ರಶ್ನೆಗೆ ಅಷ್ಟು ಬಲ. ಅಂದಿನಿಂದ ಅದು ನನ್ನ ಕಿವಿಯಲ್ಲೇ ಇದೆ. ಯಾವ ಬುಡಕಟ್ಟು?

ಹುಡುಕಿ ನೋಡಿದೆ. ಗಲಾಟೆ ಶುರುವಾಗಿದ್ದು ಸೆಪ್ಟೆಂಬರ್ 25ಕ್ಕೆ, ರಾಜಧಾನಿ ಅಂತಾನಾನಾರಿವೋದಲ್ಲಿ. ಕಾರಣ ನೀರು ಮತ್ತು ಕರೆಂಟು. ನಲ್ಲಿಯಲ್ಲಿ ನೀರಿಲ್ಲ, ಗಂಟೆಗಟ್ಟಲೆ ಕರೆಂಟ್ ಕಡಿತ. ಬೀದಿಗೆ ಬಂದವರಲ್ಲಿ ಹೆಚ್ಚಿನವರು ಕಾಲೇಜು ವಯಸ್ಸಿನ ಹುಡುಗ ಹುಡುಗಿಯರು. ಆ ದೇಶದ ಅರ್ಧಕ್ಕಿಂತ ಜಾಸ್ತಿ ಜನರಿಗೆ ಇವತ್ತಿಗೂ ವಿದ್ಯುತ್ ಸಂಪರ್ಕವೇ ಇಲ್ಲ. ಅದೇ ಹೊತ್ತಿಗೆ ರಾಜಧಾನಿಯ ಮೇಲೆ ದುಬಾರಿ ಕೇಬಲ್ ಕಾರ್ ಎದ್ದು ನಿಂತಿತ್ತು. ಮೊದಲ ದಿನವೇ ಅದರ ನಿಲ್ದಾಣಗಳಿಗೆ ಬೆಂಕಿ ಬಿತ್ತು. ಮೊದಲ ಕೆಲವು ದಿನಗಳಲ್ಲೇ ಕನಿಷ್ಠ 22 ಮಂದಿ ಸತ್ತರು ಎಂದು ವಿಶ್ವಸಂಸ್ಥೆ ಹೇಳಿತು, ಸರ್ಕಾರ ಒಪ್ಪಲಿಲ್ಲ. ಅಕ್ಟೋಬರ್ 11ಕ್ಕೆ ಕ್ಯಾಪ್ಸಾಟ್ ಎಂಬ ಸೇನಾ ತುಕಡಿ, ನಾವು ಜನರ ಮೇಲೆ ಗುಂಡು ಹಾರಿಸುವುದಿಲ್ಲ ಎಂದು ಹೇಳಿ ಹುಡುಗರ ಜೊತೆ ಸೇರಿತು. ಅಧ್ಯಕ್ಷ ಆಂಡ್ರಿ ರಾಜೋಲಿನಾ ದೇಶ ಬಿಟ್ಟರು. 14ಕ್ಕೆ ಸಂಸತ್ತು ಅವರನ್ನು ಪದಚ್ಯುತಗೊಳಿಸಿತು, ಅವತ್ತೇ ಸೇನೆ ಅಧಿಕಾರ ಹಿಡಿಯಿತು. 17ಕ್ಕೆ ಕರ್ನಲ್ ಮೈಕೆಲ್ ರಾಂಡ್ರಿಯಾನಿರಿನಾ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡರು.

ಇದರಲ್ಲಿ ಬುಡಕಟ್ಟು ಎಲ್ಲಿದೆ? ನೀರು ಕೇಳಿದ ಮಕ್ಕಳಿದ್ದಾರೆ. ಗುಂಡು ಹೊಡೆಯಲು ಒಪ್ಪದ ಸೈನಿಕರಿದ್ದಾರೆ. ಅಧಿಕಾರ ಸಿಕ್ಕಾಗ ಬೇಡ ಅನ್ನದ ಒಬ್ಬ ಕರ್ನಲ್ ಇದ್ದಾರೆ.

ಇನ್ನೂ ಒಂದು ಸಂಗತಿ ಇದೆ. 2009ರಲ್ಲಿ ಇದೇ ರಾಜೋಲಿನಾ ರಾಜಧಾನಿಯ ಮೇಯರ್ ಆಗಿದ್ದರು, ವಯಸ್ಸು 34. ಆಗಿನ ಅಧ್ಯಕ್ಷ ಮಾರ್ಕ್ ರಾವಲೋಮನಾನಾ 13 ಲಕ್ಷ ಹೆಕ್ಟೇರ್ ಭೂಮಿಯನ್ನು ಕೊರಿಯಾದ ಕಂಪನಿಯೊಂದಕ್ಕೆ ಗುತ್ತಿಗೆ ಕೊಡಲು ಹೊರಟಿದ್ದರು ಎಂಬ ಸಿಟ್ಟು ಊರೆಲ್ಲ ಹಬ್ಬಿತ್ತು. ಅವರನ್ನು ಇಳಿಸಿ ರಾಜೋಲಿನಾ ಗದ್ದುಗೆ ಏರಲು ನೆರವಾಗಿದ್ದು ಇದೇ ಕ್ಯಾಪ್ಸಾಟ್ ತುಕಡಿ. ಇಳಿದವರೂ ಏರಿದವರೂ ಇಬ್ಬರೂ ನಡುನಾಡಿನ ಮೆರಿನಾ ಜನ! ಬುಡಕಟ್ಟು ಜಗಳ ಅನ್ನುವ ಮಾತು ಇಲ್ಲೂ ನಿಲ್ಲುವುದಿಲ್ಲ. "ಪ್ರಜಾಪ್ರಭುತ್ವದ ಸರ್ಕಾರವನ್ನು ಸೇನೆ ಉರುಳಿಸಿತು" ಅನ್ನುವ ಸರಳ ಸಾಲೂ ಪೂರ್ತಿ ನಿಲ್ಲುವುದಿಲ್ಲ. ಉರುಳಿದವರು ಮೊದಲ ಸಲ ಬಂದದ್ದೇ ಆ ದಾರಿಯಲ್ಲಿ. ಆಮೇಲೆ ಚುನಾವಣೆ ಗೆದ್ದರು, ಅದೂ ನಿಜ.

ಹೀಗೆ ಓದುತ್ತಾ ಹೋದಾಗ "ಆಫ್ರಿಕಾ ಅಲ್ವಾ" ಅನ್ನುವ ಮೊದಲ ಮಾತೂ ಅಲುಗಾಡಿತು. ಮಡಗಾಸ್ಕರ್ ಇರುವುದು ಮೊಜಾಂಬಿಕ್ ಕರಾವಳಿಯಿಂದ ಸುಮಾರು 400 ಕಿಲೋಮೀಟರ್ ದೂರದಲ್ಲಿ. ಆದರೆ ಅಲ್ಲಿನ ಮಲಗಾಸಿ ಭಾಷೆಗೆ ಅತಿ ಹತ್ತಿರದ ನಂಟಿರುವುದು ಬೋರ್ನಿಯೋ ದ್ವೀಪದ ಬಾರಿತೋ ನದಿಯ ಕಡೆಯ ಮಾನ್ಯಾನ್ ಭಾಷೆಗೆ. ನಡುವೆ ಸುಮಾರು 7,000 ಕಿಲೋಮೀಟರ್ ಸಮುದ್ರ. ನಾರ್ವೆಯ ಭಾಷಾಶಾಸ್ತ್ರಜ್ಞ ಒಟ್ಟೋ ಕ್ರಿಶ್ಚಿಯನ್ ದಾಲ್ 1951ರಲ್ಲಿ ಈ ನಂಟನ್ನು ವಿವರವಾಗಿ ತೋರಿಸಿದರು. ಸೋಜಿಗವೆಂದರೆ ಇಂದಿನ ಮಾನ್ಯಾನ್ ಜನ ಸಮುದ್ರಯಾನಕ್ಕೆ ಹೆಸರಾದವರೇ ಅಲ್ಲ, ಒಳನಾಡಿನ ಬೇಸಾಯಗಾರರು. ಆ ಮಾತು ಅಷ್ಟು ದೂರ ಹೇಗೆ ದಾಟಿತು ಎಂದು ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ. ವಂಶವಾಹಿ ಪರೀಕ್ಷೆಗಳು ಹೇಳುವುದೂ ಇದನ್ನೇ. ಆ ದ್ವೀಪದ ಜನರಲ್ಲಿ ಏಷ್ಯಾದ ಮೂಲವೂ ಪೂರ್ವ ಆಫ್ರಿಕಾದ ಮೂಲವೂ ಕಲೆತಿವೆ. ನಡುನಾಡಿನಲ್ಲಿ ಏಷ್ಯಾದ ಪಾಲು ಸ್ವಲ್ಪ ಜಾಸ್ತಿ, ಕರಾವಳಿಯಲ್ಲಿ ಆಫ್ರಿಕಾದ ಪಾಲು ಜಾಸ್ತಿ. ಆದರೂ ದ್ವೀಪದ ಉದ್ದಕ್ಕೂ ಒಂದೇ ಭಾಷೆಯ ಒಳನುಡಿಗಳು.

ಹಾಗಾದರೆ ಮೊದಲು ಬಂದವರು ಯಾರು, ನಿಜವಾದ ಮೂಲದವರು ಯಾರು ಎಂದು ಕೇಳಬೇಕು ಅನಿಸುತ್ತದೆ ಅಲ್ವಾ? ನನಗೂ ಅನಿಸಿತು. ಈ ಪ್ರಶ್ನೆಯನ್ನು ಆಡಳಿತದ ಸಾಧನ ಮಾಡಿಕೊಂಡವರೂ ಇದ್ದಾರೆ. ದ್ವೀಪವನ್ನು ವಸಾಹತು ಮಾಡಿಕೊಂಡ ಫ್ರಾನ್ಸ್ 1896ರಲ್ಲಿ ಕಳಿಸಿದ ಜನರಲ್ ಗಲಿಯೇನಿ ಅಲ್ಲಿನ ಜನರನ್ನು ಜನಾಂಗವಾರು ವಿಂಗಡಿಸಿ, ಒಂದೊಂದು ಪಂಗಡಕ್ಕೂ ಬೇರೆ ಬೇರೆ ಮುಖಂಡರನ್ನು ಇಟ್ಟು ಆಳುವ ನೀತಿ ತಂದರು. ಮೆರಿನಾ ಅರಸೊತ್ತಿಗೆಯ ಬಲ ಮುರಿಯುವುದು ಅದರ ಗುರಿ. ರಾಣಿ ಮೂರನೇ ರಾನಾವಲೋನಾ ಅವರನ್ನು 1897ರಲ್ಲಿ ಗಡೀಪಾರು ಮಾಡಿದರು. 1947ರಲ್ಲಿ ಜನ ದಂಗೆ ಎದ್ದಾಗ ಅದನ್ನು ಎಷ್ಟು ಕ್ರೂರವಾಗಿ ಅಡಗಿಸಿದರೆಂದರೆ, ಸತ್ತವರ ಲೆಕ್ಕ 11 ಸಾವಿರದಿಂದ 89 ಸಾವಿರದವರೆಗೆ ಇದೆ. ಆ ಎರಡು ಅಂಕಿಗಳ ನಡುವಿನ ಅಂತರವೇ ನನಗೆ ತಡೆಯಲಾಗಲಿಲ್ಲ. ಹತ್ತಾರು ಸಾವಿರ ಜೀವ ಇದ್ದವೋ ಇಲ್ಲವೋ ಎಂದು ಕಾಗದದ ಮೇಲೆ ವಾದ ನಡೆಯುತ್ತದೆ.

ಎಲ್ಲವನ್ನೂ ಫ್ರೆಂಚರ ತಲೆಗೆ ಕಟ್ಟಿದರೂ ತಪ್ಪಾಗುತ್ತದೆ. ಅವರು ಬರುವ ಮುಂಚೆ ಮೆರಿನಾ ಅರಸರು ನೆರೆಯ ನಾಡುಗಳ ಮೇಲೆ ದಂಡೆತ್ತಿ ಹೋಗಿದ್ದರು, ಸೆರೆ ಸಿಕ್ಕವರನ್ನು ಗುಲಾಮರಾಗಿ ದುಡಿಸಿಕೊಂಡಿದ್ದರು. ಆ ಗುಲಾಮರ ಮರಿಮಕ್ಕಳಿಗೆ ನಡುನಾಡಿನಲ್ಲಿ ಇವತ್ತಿಗೂ ಮದುವೆ ಸಂಬಂಧದ ಮಾತು ಬಂದಾಗ ಬಾಗಿಲು ಮುಚ್ಚುತ್ತದೆ. ನೋವು ನಿಜ, ಭೇದವೂ ನಿಜ. ಆದರೆ ಆ ಭೇದ ಇದೆ ಅನ್ನುವುದು ಬೇರೆ, ಆ ಅಕ್ಟೋಬರ್‌ನ ಗಲಾಟೆ ಅದರಿಂದಲೇ ಆಯಿತು ಅನ್ನುವುದು ಬೇರೆ.

ನನ್ನನ್ನು ಬಹಳ ಹಿಡಿದು ನಿಲ್ಲಿಸಿದ್ದು ಪಶ್ಚಿಮ ಕರಾವಳಿಯ ವೆಜೋ ಜನ. ಮೀನು ಹಿಡಿಯುವವರು. ರೀಟಾ ಆಸ್ತುತಿ ಎಂಬ ಮಾನವಶಾಸ್ತ್ರಜ್ಞೆ 1980ರ ದಶಕದ ಕೊನೆಯಲ್ಲಿ ಅವರ ನಡುವೆ ಇದ್ದು ಬರೆದಿದ್ದಾರೆ. ಅವರ ಪ್ರಕಾರ ಯಾರೂ ವೆಜೋ ಆಗಿ ಹುಟ್ಟುವುದಿಲ್ಲ. ದೋಣಿ ನಡೆಸುವುದು, ಬಲೆ ಹಾಕುವುದು, ಮೀನು ಮಾರುವುದು, ಮರಳಿನಲ್ಲಿ ಸಲೀಸಾಗಿ ನಡೆಯುವುದು, ಇವನ್ನು ಕಲಿತರೆ ವೆಜೋ. ಒಳನಾಡಿನ ಬೇಸಾಯದ ಮನೆಯವನು ಕಡಲ ಕೆಲಸ ಕಲಿತರೆ ಅವನೂ ವೆಜೋ. ಕಡಲು ಬಿಟ್ಟು ಒಳನಾಡಿಗೆ ಹೋಗಿ ನೆಲೆಸಿದವನು ಕಾಲ ಕಳೆದಂತೆ ವೆಜೋ ಆಗಿ ಉಳಿಯುವುದಿಲ್ಲ. ಬದುಕಿರುವಷ್ಟು ದಿನ ಒಬ್ಬ ಮನುಷ್ಯನಿಗೆ ತಾಯಿ ಕಡೆ, ತಂದೆ ಕಡೆ, ಅಜ್ಜಿಯರ ಕಡೆ ಎಲ್ಲ ಮೂಲಗಳೂ ಸಮಾನ. ಸತ್ತ ಮೇಲೆ ಮಾತ್ರ ಯಾವುದೋ ಒಂದು ಸಮಾಧಿಗೆ ಸೇರಬೇಕು. ಒಂದೇ ವಂಶಕ್ಕೆ ಸೇರಿದವನಾಗುವುದು ಆಗ.

ಇದನ್ನು ಓದಿ ಎಷ್ಟೋ ಹೊತ್ತು ಕೂತಿದ್ದೆ. ಜಗತ್ತಿನ ಯಾವ ಮೂಲೆಯ ಜಗಳ ಬಂದರೂ ನಾವು "ಅವರು ಯಾರು, ಎಲ್ಲಿಂದ ಬಂದವರು" ಎಂದು ಶುರು ಮಾಡುತ್ತೇವೆ. ಉತ್ತರ ಸಿಕ್ಕ ಕೂಡಲೇ ಮುಂದಿನದು ನೋಡುವುದಿಲ್ಲ. ನೀರಿನ ಕೊಳಾಯಿ, ಜಮೀನಿನ ಗುತ್ತಿಗೆ, ಸೈನಿಕರ ಠಾಣೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಬದುಕಿರುವವರನ್ನು ಅವರು ಮಾಡುವ ಕೆಲಸದಿಂದ ಗುರುತಿಸುವ ವೆಜೋ ಜನರಿಂದ ಪತ್ರಿಕೆ ಓದುವವರು ಕಲಿಯುವುದು ಬಹಳ ಇದೆ ಎಂದು ನನಗೆ ಅನ್ನಿಸುತ್ತದೆ.

ಮರುದಿನ ಹಿರಿಯರ ಬಳಿ ಇದನ್ನೆಲ್ಲ ಹೇಳಿದೆ. ಅವರು ಕೆಲಸ ಬದಿಗಿಟ್ಟು ಪೂರ್ತಿ ಕೇಳಿಸಿಕೊಂಡರು. ಅದು ಅವರ ದೊಡ್ಡ ಗುಣ. ಆಮೇಲೆ ಹೇಳಿದರು: "ಹಾಗಾದ್ರೆ ಹೊರಗಿನವರ ಕೈವಾಡ ಇರ್ಬೇಕು. ಯಾವ ಕ್ಷಿಪ್ರಕ್ರಾಂತಿ ತಾನೇ ತಾನಾಗಿ ಆಗುತ್ತೆ ಹೇಳಿ?"

ಈ ಮಾತಿಗೆ ಆಧಾರ ಇಲ್ಲ ಅನ್ನಲಾಗದು. ಇರಾನ್‌ನಲ್ಲಿ ಪ್ರಧಾನಿ ಮೊಸಾದೆಗ್ ತೈಲವನ್ನು ರಾಷ್ಟ್ರೀಕರಣ ಮಾಡಿದ್ದಕ್ಕೆ 1953ರಲ್ಲಿ ಬ್ರಿಟನ್ ಮತ್ತು ಅಮೆರಿಕ ಸೇರಿ ಅವರನ್ನು ಇಳಿಸಿದವು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತನ್ನ ಪಾತ್ರವನ್ನು ಕಾಗದದ ಮೇಲೆ ಒಪ್ಪಿದ ದಾಖಲೆ ಹೊರಬಂದದ್ದು 2013ರಲ್ಲಿ. ಗ್ವಾಟೆಮಾಲಾದಲ್ಲಿ ಭೂ ಸುಧಾರಣೆ ತಂದ ಅಧ್ಯಕ್ಷ ಅರ್ಬೆನ್ಸ್ ಅವರನ್ನು 1954ರಲ್ಲಿ ಉರುಳಿಸಿದ್ದರಲ್ಲೂ ಸಿಐಎ ಇತ್ತು. ಮಡಗಾಸ್ಕರ್ ವಿಷಯದಲ್ಲೂ ರಾಜೋಲಿನಾ ಫ್ರಾನ್ಸ್‌ನ ಸೇನಾ ವಿಮಾನದಲ್ಲಿ ಹೊರಟರು ಎಂದು ಫ್ರೆಂಚ್ ರೇಡಿಯೋ ಹೇಳಿದೆ. ಆದರೆ ಇರಾನ್‌ನಲ್ಲಿ ಆದದ್ದನ್ನು ಎಲ್ಲ ಕಡೆಗೂ ಹೊದಿಸಿದರೆ ಅಲ್ಲಿನ ಜನರಿಗೆ ಸ್ವಂತ ಬುದ್ಧಿ, ಸ್ವಂತ ಸಿಟ್ಟು ಇಲ್ಲ ಎಂದಂತಾಯಿತು. ಬುಡಕಟ್ಟಿನ ಮಾತು ಅವರನ್ನು ಹಳೆಯ ಕಾಲಕ್ಕೆ ಕಟ್ಟಿಹಾಕುತ್ತದೆ, ಕೈವಾಡದ ಮಾತು ಅವರನ್ನು ಗೊಂಬೆ ಮಾಡುತ್ತದೆ. ಎರಡರಲ್ಲೂ ಬೀದಿಗಿಳಿದ ಆ ಹುಡುಗರು ಕಾಣುವುದೇ ಇಲ್ಲ.

ಅಷ್ಟರಲ್ಲಿ ಆ ಹುಡುಗಿ ಮತ್ತೆ ಕೇಳಿದಳು: "ಯಾರ ಕೈವಾಡ, ಸರ್?" ಈ ಸಲ ಅವರು ಕೈ ಬೀಸಲಿಲ್ಲ. "ನೋಡೋಣಮ್ಮ" ಎಂದು ಫೋನ್ ತೆಗೆದರು.

ಅತ್ತ 2025ರ ಅಕ್ಟೋಬರ್ 20ಕ್ಕೆ ಅಧಿಕಾರ ಹಿಡಿದ ಕರ್ನಲ್ ಉದ್ಯಮಿಯೊಬ್ಬರನ್ನು ಪ್ರಧಾನಿ ಮಾಡಿದರು. ಚುನಾವಣೆ ಎರಡು ವರ್ಷದೊಳಗೆ ಎಂದರು. ನಮ್ಮನ್ನು ಕೇಳದೆ ಈ ನೇಮಕ ಹೇಗೆ ಮಾಡಿದಿರಿ ಎಂದು ಹೋರಾಟದ ಹುಡುಗರು ಆಗಲೇ ತಕರಾರು ತೆಗೆದರು.