ರೇಡಿಯೋಗೆ ಯಾವ ಸೆಲ್ ತರಬೇಕು?

ಶಿರಸಿ ಕಡೆ ಜೋರು ಮಳೆ ಹಿಡಿದರೆ ಕರೆಂಟಿನ ಕಥೆ ಗೊತ್ತೇ ಇದೆ. ಲೈನಿನ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕತ್ತಲೆ. ಮೊಬೈಲ್ ಸಿಗ್ನಲ್ಲೂ ಅದರ ಹಿಂದೆಯೇ ಹೋಗುತ್ತದೆ. ಅಡಿಕೆ ತೋಟಕ್ಕೆ ಕೊಳೆ ರೋಗದ ಮದ್ದು ಹೊಡೆಯೋಕೆ ಮಳೆ ಹೊಳವಾಗೋದನ್ನೇ ಕಾಯುವ ಅಪ್ಪಯ್ಯನಿಗೆ ಆಗ ಧಾರವಾಡ ಆಕಾಶವಾಣಿಯೇ ಗತಿ. ಹಾಗಾಗಿ ನಮ್ಮನೆ ರೇಡಿಯೋದ ಸೆಲ್ ಉಸ್ತುವಾರಿ ನನ್ನದು.

ಅಂಗಡಿಯಲ್ಲಿ ರೀಚಾರ್ಜೆಬಲ್ ಪೆನ್ಸಿಲ್ ಸೆಲ್ ಕೇಳಿದರೆ 2500, 2800 ಎಂಎಎಚ್ (ಸೆಲ್ಲಿನಲ್ಲಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತ ದಪ್ಪಕ್ಷರದಲ್ಲಿ ಬರೆದದ್ದನ್ನೇ ಮೊದಲು ಕೊಡುತ್ತಾರೆ. ರೇಡಿಯೋಗೆ ಅದು ಬೇಡ. ಸಣ್ಣ ರೇಡಿಯೋ ಎಳೆಯುವ ಕರೆಂಟು ತೀರಾ ಕಡಿಮೆ. 50 ಮಿಲಿಆಂಪಿಯರ್ ಅಂತ ಹಿಡಿದರೂ 2000ದ ಸೆಲ್ 40 ತಾಸು ಹಾಡುತ್ತದೆ. ದಿನಕ್ಕೆ ಒಂದು ತಾಸು ಕೇಳಿದರೆ ತಿಂಗಳ ಮೇಲಾಯಿತಲ್ವಾ? ಆದರೆ ಆ ದೊಡ್ಡ ಅಂಕೆಯವು ಹೆಚ್ಚಾಗಿ ಮಾಮೂಲಿ ನಿಕಲ್ ಮೆಟಲ್ ಹೈಡ್ರೈಡ್ ಅನ್ನುವ ಬಗೆಯ ರೀಚಾರ್ಜೆಬಲ್ ಸೆಲ್. ಅದು ಸುಮ್ನೆ ಇಟ್ಟರೂ ತಿಂಗಳಲ್ಲಿ ಕಾಲು ಭಾಗದಷ್ಟು ತಾನಾಗೇ ಇಳಿಯುತ್ತದೆ. ನಾವು ಕೇಳದೆಯೇ ಅಷ್ಟು ಸೋರಿ ಹೋಯಿತು! 2005ರಲ್ಲಿ ಸ್ಯಾನಿಯೋ ಕಂಪನಿ ತಂದ ಎನೆಲೂಪ್ ಥರದ ರೀಚಾರ್ಜೆಬಲ್ ಸೆಲ್ಲುಗಳು ಹಾಗಲ್ಲ. ವರ್ಷ ಕಳೆದರೂ ಮುಕ್ಕಾಲು ಪಾಲು ಉಳಿಸಿಕೊಳ್ಳುತ್ತವೆ. ಪ್ಯಾಕೆಟ್ಟಿನ ಮೇಲೆ 'ರೆಡಿ ಟು ಯೂಸ್' ಅಥವಾ 'ಪ್ರೀ ಚಾರ್ಜ್ಡ್' ಅಂತ ಇದೆಯಾ ನೋಡಿ.

ಈ ರೀಚಾರ್ಜೆಬಲ್ ಸೆಲ್ಲಿನ 1.2 ವೋಲ್ಟ್ ಸಾಲದು ಅನ್ನುವವರಿದ್ದಾರೆ. ಬಳಸಿ ಬಿಸಾಡುವ ಸೆಲ್ 1.5ರಲ್ಲಿ ಶುರುವಾದರೂ ದಿನೇ ದಿನೇ ಇಳಿಯುತ್ತದೆ. ರೀಚಾರ್ಜೆಬಲ್ ಕೊನೆಯವರೆಗೂ 1.2ರ ಹತ್ತಿರವೇ ನಿಂತು, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ದನಿ ಇಳಿಯಿತು ಅಂದರೆ ತಕ್ಷಣ ಬಂದ್ ಮಾಡಿ. ಎಳೆದಾಡಿದರೆ ಜೋಡಿಯಲ್ಲಿ ಬಡವಾದ ಸೆಲ್ ಉಲ್ಟಾ ಚಾರ್ಜ್ ಆಗಿ ಹಾಳಾಗುತ್ತದೆ. ಅದಕ್ಕೇ ಒಟ್ಟಿಗೆ ತಂದ ಸೆಲ್ಲುಗಳ ಮೇಲೆ ಒಂದೇ ಬಣ್ಣದ ಚುಕ್ಕೆ ಇಟ್ಟಿದ್ದೇನೆ. ಹಳತು ಹೊಸತು ಬೆರೆಸೋದಿಲ್ಲ.

ಯುಎಸ್‌ಬಿಯಲ್ಲಿ ಚಾರ್ಜ್ ಆಗುವ 1.5 ವೋಲ್ಟಿನ ಲಿಥಿಯಂ ಸೆಲ್ ಈಗ ಬಂದಿದೆ. ಟಾರ್ಚಿಗೆ ಸರಿ. ಒಳಗಿನ ಸರ್ಕ್ಯೂಟಿನಿಂದಾಗಿ ಮೀಡಿಯಂ ವೇವಿನಲ್ಲಿ ಗುಂಯ್ ಅನ್ನಬಹುದು. ಧಾರವಾಡದ 765 ಕಿಲೋಹರ್ಟ್ಸ್ ಮೊದಲೇ ಗುಡುಗು ಸಿಡಿಲಿನ ನಡುವೆ ಒದ್ದಾಡುತ್ತಿರುತ್ತದೆ. ಅದರ ಮೇಲೆ ಇದೂ ಯಾಕೆ? ಚಾರ್ಜರನ್ನೂ ರೇಡಿಯೋ ಪಕ್ಕ ಇಡಬೇಡಿ.

ಚಾರ್ಜರ್ ಮಾತ್ರ ಒಳ್ಳೆಯದೇ ಬೇಕು. ಪ್ರತಿ ಸೆಲ್ಲಿಗೂ ಬೇರೆ ದೀಪ ಇದ್ದು, ತುಂಬಿದ್ದು ತಾನೇ ನಿಲ್ಲಬೇಕು. ರಾತ್ರಿಯಿಡೀ ಬಿಸಿ ಮಾಡುತ್ತಲೇ ಇರುವ ಅಗ್ಗದ್ದು ಸೆಲ್ಲಿನ ಆಯಸ್ಸನ್ನೇ ತಿನ್ನುತ್ತದೆ.

ಮಳೆಗಾಲದ ತಂಪಿಗೆ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿಯುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಲಿಂಬೆ ರಸದಲ್ಲಿ ಅದ್ದಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಸೆಲ್ ಹಾಕಿ.