ಚಾಟ್ಸ್‌ವರ್ತ್ ಮಾದರಿ: ಗುಡ್ಡ ಮುಗಿಯಿತು, ಇನ್ನು ಊರು

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ, ಡೆವನ್‌ಶೈರ್ ಡ್ಯೂಕರ ಚಾಟ್ಸ್‌ವರ್ತ್ ಎಸ್ಟೇಟಿನ ರಟ್ಟಿನ ಮಾದರಿ ಈ ವಾರ ಒಂದು ಹಂತಕ್ಕೆ ಬಂತು. ಬಂಗಲೆಯ ಪೂರ್ವಕ್ಕಿರುವ ಗುಡ್ಡ ಪೂರ್ತಿ ಎದ್ದು ನಿಂತಿದೆ. ಅಳತೆ 1:5000. ರಟ್ಟಿನ ದಪ್ಪ 2 ಮಿಲಿಮೀಟರ್, ಅಂದರೆ ಒಂದು ಪದರಕ್ಕೆ 10 ಮೀಟರ್ ಎತ್ತರ. ಏಳನೇ ಪದರಕ್ಕೆ ಅಂಟು ಜಾಸ್ತಿಯಾಗಿ ಸೊಟ್ಟಗಾಯಿತು. ಕಿತ್ತು, ಬೇರೆ ಕತ್ತರಿಸಿ ಅಂಟಿಸಿದೆ. ಮೇಲೆ ರಾತ್ರಿಯೆಲ್ಲ ಅಕ್ಕಿ ಮೂಟೆ ಹೇರಿಟ್ಟೆ.

ಗುಡ್ಡಕ್ಕೇ ಇಷ್ಟು ದಿನ ಕೊಟ್ಟಿದ್ದು ಸುಮ್ನೆ ಅಲ್ಲ. ಇಲ್ಲಿ ಎಲ್ಲ ಕೆಲಸ ಮಾಡುವುದು ಗುಡ್ಡವೇ. ಇಲ್ಲಿನ ತೋಟದ ಮುಖ್ಯಸ್ಥರಾಗಿದ್ದ ಜೋಸೆಫ್ ಪ್ಯಾಕ್ಸ್‌ಟನ್ 1844ರಲ್ಲಿ ಮಾಡಿದ ಎಂಪರರ್ ಕಾರಂಜಿಗೆ ಪಂಪೇ ಇಲ್ಲ. ಬಂಗಲೆಗಿಂತ ಸುಮಾರು 107 ಮೀಟರ್ ಮೇಲೆ 8 ಎಕರೆ ಕೆರೆ ತೋಡಿಸಿ, ಪೈಪಿನಲ್ಲಿ ನೀರು ಇಳಿಸಿದರು. ಆ ಒತ್ತಡಕ್ಕೇ ನೀರು 90 ಮೀಟರ್‌ವರೆಗೆ ಚಿಮ್ಮಿದೆ. ರಷ್ಯಾದ ಚಕ್ರವರ್ತಿ ನಿಕೊಲಸ್ ಬರುತ್ತಾರೆ ಅಂತ ಮಾಡಿಸಿದ್ದು. ಅವರು ಬರಲೇ ಇಲ್ಲ. ನಾನು ಗುಂಡುಸೂಜಿಯನ್ನು 18 ಮಿಲಿಮೀಟರಿಗೆ ಕತ್ತರಿಸಿ ನೆಟ್ಟೆ. ಕೆನ್ನೆಯನ್ನು ಮೇಜಿಗೆ ಒತ್ತಿ ನೋಡಿದರೆ ಸೂಜಿಯ ತುದಿ ಕೆರೆಯ ದಡಕ್ಕಿಂತ ಮೂರು ಚಿಲ್ಲರೆ ಮಿಲಿಮೀಟರ್ ಅಷ್ಟೇ ಕೆಳಗಿದೆ. ಲೆಕ್ಕ ಮೊದಲೇ ಗೊತ್ತಿತ್ತು. ಆದರೂ ಮೈ ಜುಮ್ಮೆಂದಿತು.

(ಇದೇ ಪ್ಯಾಕ್ಸ್‌ಟನ್ ಇಲ್ಲಿನ ಗಾಜಿನ ಮನೆಯಲ್ಲಿ ಬೆಳೆಸಿದ ಬಾಳೆಗೆ ಡ್ಯೂಕರ ಮನೆತನದ ಹೆಸರು ಬಂತು: ಕ್ಯಾವೆಂಡಿಶ್. ನಮ್ಮ ಪಚ್ಚಬಾಳೆ, ಜಿ-9 ಎರಡೂ ಆ ಗುಂಪಿನವೇ.)

ಈಗ ಡರ್ವೆಂಟ್ ಹೊಳೆಯ ಆಚೆ ದಡ. ಅಲ್ಲಿರುವ ಊರನ್ನು ಎಡೆನ್ಸರ್ ಅಂತ ಬರೆಯುತ್ತಾರೆ, 'ಎನ್ಜರ್' ಅನ್ನುತ್ತಾರೆ. ಹಳೆಯ ಊರು ಬಂಗಲೆಗೆ ಕಾಣುತ್ತಿತ್ತು. 6ನೇ ಡ್ಯೂಕ್ ಅದನ್ನು ತೆಗೆಸಿ, 1838ರಿಂದ 1842ರ ನಡುವೆ ದಿಬ್ಬದ ಮರೆಯಲ್ಲಿ ಹೊಸ ಊರು ಕಟ್ಟಿಸಿದರು. ಮೊನ್ನೆ ಬಂಗಲೆಯ ಜಾಗದಿಂದ ಹೊಸ ಊರಿಗೆ ದಾರ ಎಳೆದು ನೋಡಿದೆ. ದಾರ ದಿಬ್ಬಕ್ಕೆ ತಗುಲಿ ನಿಂತಿತು. ನೀರಿಗೆ ಜೀವ ಕೊಟ್ಟ ಎತ್ತರವೇ ಇಲ್ಲಿ ಜನರನ್ನು ಮರೆಮಾಡಿದೆ, ಅಲ್ವಾ? ಹೊಸ ಮನೆಗಳು ಚಂದವೇ, ಒಂದರ ಹಾಗೆ ಇನ್ನೊಂದಿಲ್ಲ. ಪ್ಯಾಕ್ಸ್‌ಟನ್ ಸಮಾಧಿಯೂ ಅಲ್ಲಿನ ಚರ್ಚಿನ ಅಂಗಳದಲ್ಲೇ ಇದೆ. ಆದರೆ ಹಳೆಯ ಊರಿದ್ದ ಜಾಗಕ್ಕೆ ಹುಲ್ಲಿನ ಬಣ್ಣ ಬಳಿಯಲು ನನಗೆ ಕೈ ಬರುತ್ತಿಲ್ಲ. ಪೆನ್ಸಿಲಿನ ಗೆರೆ ಹಾಗೇ ಬಿಡುತ್ತೇನೆ.

ಪಿಲ್ಸ್‌ಲಿ, ಬೀಲಿ ಹಳ್ಳಿಗಳು ಈ ಹಲಗೆಗೆ ಸಿಗುವುದಿಲ್ಲ. ಅವಕ್ಕೆ ಇನ್ನೊಂದು ಹಲಗೆ ಬೇಕು.

ಹಳೆಯ ಊರಿನದು ಅಂತ ಒಂದೇ ಒಂದು ಮನೆ ಇವತ್ತಿಗೂ ಉಳಿದಿದೆ, ಪಾರ್ಕಿನ ನಡುವೆ, ಸುತ್ತ ಗೋಡೆ ಕಟ್ಟಿಕೊಂಡು. ನನ್ನ ಅಳತೆಯಲ್ಲಿ ಅದು ಸಾಸಿವೆ ಕಾಳಿನಷ್ಟು. ನಾಳೆ ಮೊದಲು ಅದನ್ನೇ ಕೂರಿಸುತ್ತೇನೆ.