ಸ್ಪೆಷಲ್ ಸ್ಕೂಲಿಗೇ ಹಾಕಬೇಕಾ?

"ನಮ್ಮಲ್ಲಿ ಆಗಲ್ಲ, ಸ್ಪೆಷಲ್ ಸ್ಕೂಲಿಗೆ ಹಾಕಿ ಅಂತಿದ್ದಾರೆ ಶಾಲೆಯವರು. ಹಾಕಲೇಬೇಕಾ ಮೇಡಂ?" ಎಷ್ಟೋ ತಾಯಂದಿರು ಫೋನ್ ಮಾಡಿ ಇದನ್ನೇ ಕೇಳುತ್ತಾರೆ. ನನ್ನ ಮಗಳಿಗೆ ಸೆರೆಬ್ರಲ್ ಪಾಲ್ಸಿ (ಕೈಕಾಲು ಹಿಡಿತಕ್ಕೆ ಸಿಗದ ಮೆದುಳಿನ ತೊಂದರೆ) ಇದೆ ಅಂತ ಅವರಿಗೆ ಗೊತ್ತು, ಅದಕ್ಕೇ ಕೇಳುತ್ತಾರೆ.

ಹಾಕಲೇಬೇಕು ಅಂತೇನಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ, ಶೇ. 40 ಅಥವಾ ಅದಕ್ಕಿಂತ ಜಾಸ್ತಿ ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಮನೆ ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆರಿಸಿಕೊಳ್ಳುವ ಹಕ್ಕು ಮಗುವಿನದು. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) 14 ವರ್ಷಕ್ಕೇ ಮುಗಿಯುತ್ತೆ, ಇದು 18ರವರೆಗೆ. ನಮ್ಮ ರಾಜ್ಯ 2019ರಲ್ಲಿ ಈ ಕಾಯ್ದೆಗೆ ತನ್ನದೇ ನಿಯಮಗಳನ್ನೂ ಮಾಡಿದೆ.

ನಾನು ಎಡವಿದ್ದು ಆ 40ರಲ್ಲಿ. ಮಗಳ ಸರ್ಟಿಫಿಕೇಟಿನಲ್ಲಿ ಇದ್ದದ್ದು ಶೇ. 35. "ನಿಮಗೆ ಕಾನೂನು ಅನ್ವಯಿಸಲ್ಲ" ಅಂತ ಒಂದು ಶಾಲೆಯಲ್ಲಿ ಹೇಳಿದಾಗ ಸುಮ್ನೆ ಎದ್ದು ಬಂದೆ. ಆಮೇಲೆ ಗೊತ್ತಾಯಿತು, 16ನೇ ಸೆಕ್ಷನ್‌ನಲ್ಲಿ 40ರ ಮಾತೇ ಇಲ್ಲ. ಸರ್ಕಾರದ ದುಡ್ಡಿನಿಂದ ನಡೆಯುವ ಶಾಲೆಯಾಗಲಿ, ಬರೀ ಮಾನ್ಯತೆ ಪಡೆದ ಖಾಸಗಿ ಶಾಲೆಯಾಗಲಿ, ವೈಕಲ್ಯ ಇರುವ ಮಗುವನ್ನು ಭೇದ ಮಾಡದೆ ಸೇರಿಸಿಕೊಳ್ಳಬೇಕು, ಆ ಮಗುವಿಗೆ ಬೇಕಾದ ಅನುಕೂಲವನ್ನೂ ಮಾಡಿಕೊಡಬೇಕು. ನನ್ನ ಮಗಳಿಗೆ ಬೇಕಾಗಿದ್ದದ್ದು ಎಷ್ಟು ಗೊತ್ತಾ? ಬೆರಳು ಜಾರದ ಹಾಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದ ಪೆನ್ಸಿಲ್, ಬಾಗಿಲ ಪಕ್ಕದ ಬೆಂಚು, ಬರೆಯೋಕೆ ಸ್ವಲ್ಪ ಜಾಸ್ತಿ ಹೊತ್ತು. ಅಷ್ಟೇ.

ಪರೀಕ್ಷೆಗೆ ಹೆಚ್ಚು ಸಮಯ, ಬರೆದುಕೊಡುವವರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ 17ನೇ ಸೆಕ್ಷನ್‌ನಲ್ಲಿವೆ.

ಹಾಗಂತ ವಿಶೇಷ ಶಾಲೆ ಬೇಡ ಅಂತಲ್ಲ. ಸನ್ನೆ ಭಾಷೆಯಲ್ಲಿ ಮಾತಾಡುವ ಗೆಳೆಯರ ಜೊತೆ ಕಿವಿ ಕೇಳದ ಮಗು ಅಲ್ಲೇ ಅರಳಬಹುದು. ಅದನ್ನು ನಿಮ್ಮ ಮಗುವನ್ನು ನೋಡಿ ನೀವು ತೀರ್ಮಾನಿಸಿ. ಶಾಲೆಯವರ ಕಷ್ಟವೂ ಸುಳ್ಳಲ್ಲ. ಪ್ರೈಮರಿಯಲ್ಲಿ ಇಂಥ 10 ಮಕ್ಕಳಿಗೆ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ನಾನು ಅಲೆದ ಮೂರು ಶಾಲೆಗಳಲ್ಲಿ ಒಬ್ಬರೂ ಇರಲಿಲ್ಲ. ಆದರೆ ಅದಕ್ಕೆ ಮಗುವನ್ನು ಮನೆಯಲ್ಲಿ ಕೂರಿಸಬೇಕಾ?

ಬಾಯಿಮಾತಲ್ಲಿ ಕೇಳಬೇಡಿ. ಅರ್ಜಿ ಬರೆದುಕೊಡಿ, ನಿಮ್ಮ ಪ್ರತಿಗೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಆಗಲ್ಲ ಅಂದರೆ ಅದನ್ನೂ ಬರೆದುಕೊಡಿ ಅನ್ನಿ. ಆ ಕಾಗದ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಿ. ಅರ್ಜಿ ಹೇಗೆ ಬರೆಯೋದು ತಿಳಿಯದಿದ್ದರೆ ಹೇಳಿ, ಕೂತು ಬರೆಯೋಣ.